ತುದಿಗಾಲ ಮರಿ

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ ಕುರಿಹಟ್ಟಿ ಕಾಯುವ ನಾಯಿಯ ತಂದೆ ಯಾರೆಂದು ಕೇಳಿದರೆ ಕುರಿಗಾಹಿ ನಕ್ಕಾನು. ಅದೇ ಇಟ್ಟಿಗಿಯವನು ಬೆಂಗಳೂರಿನಲ್ಲಿ ಮನೆಮಾಡಿ ಬೀಗಲ್ ಮರಿಯೊಂದನ್ನು ಕೊಳ್ಳಹೊರಟರೆ, ಮುತ್ತಜ್ಜನವರೆಗಿನ ವಂಶಾವಳಿಯ ಕಾಗದ ಕೇಳುತ್ತಾನೆ. ಆ ಕಾಗದದಲ್ಲಿ ಕಾಣದ ಸಂಗತಿಯೊಂದುಂಟು.

ಕೆಲವು ಬೀಗಲ್ ಮರಿಗಳು ಹುಟ್ಟಿದ ಕೆಲವೇ ವಾರಗಳಲ್ಲಿ ನಾಟ್ಯಗಾತಿಯಂತೆ ತುದಿಗಾಲಲ್ಲಿ ನಡೆಯತೊಡಗುತ್ತವೆ. ನೋಡುವವರಿಗೆ ಮುದ್ದು. ಆದರೆ ಅದು ಬೆಡಗಲ್ಲ, ಬಿಗಿತ. ಅಂಗಗಳನ್ನು ಒಂದಕ್ಕೊಂದು ಬೆಸೆಯುವ ಅಂಗಾಂಶ ಗಡುಸಾಗಿ ಚರ್ಮ ಬಿಗಿಯುತ್ತದೆ, ಕೀಲುಗಳು ಬಾಗದಾಗುತ್ತವೆ, ಕಣ್ಣುಗಳು ಕಿರಿದಾಗುತ್ತವೆ. ಮುಸ್ಲಾಡಿನ್–ಲ್ಯೂಕೆ ರೋಗವೆಂದು ಇದರ ಹೆಸರು. ಗುಣಪಡಿಸುವ ಮದ್ದಿಲ್ಲ. ಪಾಪ, ಮರಿಯ ಸ್ವಭಾವ ಮಾತ್ರ ಬಲು ಸಾಧು.

ಇದಕ್ಕೆ ಕಾರಣವಾದ ವಂಶವಾಹಿಯ ದೋಷ 2010ರಲ್ಲಿ ಪತ್ತೆಯಾಯಿತು. ತಾಯಿತಂದೆಗಳಲ್ಲಿ ಒಬ್ಬರಿಂದ ಮಾತ್ರ ದೋಷ ಪಡೆದ ನಾಯಿ ಆರೋಗ್ಯವಾಗಿಯೇ ಇರುತ್ತದೆ. ಅಂಥ ಎರಡು ಕೂಡಿದರೆ ಸರಾಸರಿ ನಾಲ್ಕರಲ್ಲೊಂದು ಮರಿ ರೋಗಕ್ಕೆ ಈಡಾಗುತ್ತದೆ. ತಳಿಶುದ್ಧಿಯ ಹಂಬಲದಲ್ಲಿ ಹತ್ತಿರದ ರಕ್ತವನ್ನೇ ಬೆಸೆದಷ್ಟೂ ಅಂಥ ಜೋಡಿ ಒದಗುವುದು ಸುಲಭ. ಸೋದರಮಾವನಿಗೆ ಹೆಣ್ಣು ಕೊಡುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೋಷವನ್ನು ಪರೀಕ್ಷೆಯಿಂದ ಮೊದಲೇ ತಿಳಿಯಬಹುದು. ದೋಷ ಹೊತ್ತ ಆರೋಗ್ಯವಂತ ನಾಯಿಯನ್ನು ದೂರವಿಡಬೇಕಾಗಿಯೂ ಇಲ್ಲ. ದೋಷವಿಲ್ಲದ ಜೋಡಿ ಕೂಡಿಸಿದರೆ ಅದರ ಮರಿಗಳಿಗೆ ಈ ರೋಗ ತಟ್ಟದು. ವಂಶಾವಳಿ ಕೇಳುವ ನಮ್ಮ ಇಟ್ಟಿಗಿಯ ಗೃಹಸ್ಥನು ಆ ಪರೀಕ್ಷೆಯ ಕಾಗದವನ್ನೂ ಕೇಳಬಹುದು.