ಗೋಡೆಯಾಚೆಯ ಬಾವಿ

ನೆರೆಮನೆಯವರೊಂದಿಗೆ ಚೆನ್ನಾಗಿದ್ದೇವೆ ಎಂದು ನಾವೆಲ್ಲರೂ ಹೇಳುತ್ತೇವೆ. ಹಬ್ಬಕ್ಕೆ ಸಿಹಿ ಕೊಡುತ್ತೇವೆ, ಮದುವೆಗೆ ಕರೆಯುತ್ತೇವೆ, ಎದುರು ಸಿಕ್ಕಾಗ ನಗುತ್ತೇವೆ. ಆದರೆ ಮನೆಗೆ ಕಷ್ಟ ಬಂದ ದಿನ ಗೋಡೆಯ ಬಳಿ ನಿಂತು ಬಾಯಿಬಿಟ್ಟು ಕೇಳುವಷ್ಟು ಸಲಿಗೆ ನಮ್ಮಲ್ಲಿ ಎಷ್ಟು ಮಂದಿಗಿದೆ? ಕೇಳಲು ಸಂಕೋಚ, ಪಡೆದರೆ ಋಣ ಎಂಬ ಅಳುಕು. ನಮ್ಮ ಮನೆಯಲ್ಲೂ ಇದ್ದ ಈ ಅಳುಕನ್ನು ಕರಗಿಸಿದ್ದು 2019ರ ಬೇಸಿಗೆ.

ಮಂಗಳೂರಿನ ಅಂಚಿನಲ್ಲಿ ಗುಡ್ಡೆಯ ಇಳಿಜಾರಿನಲ್ಲಿ ನಮ್ಮ ಮನೆ. ಕೆಂಪುಕಲ್ಲಿನ ನೆಲ. ಮಳೆಗಾಲದಲ್ಲಿ ಇಂಗಿದ ನೀರು ಈ ಕಲ್ಲಿನೊಳಗಿಂದ ಬೇಗನೆ ತಗ್ಗಿಗೆ ಇಳಿದುಹೋಗುತ್ತದೆ. ಹಾಗಾಗಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರಿನಲ್ಲೂ ಮೇ ತಿಂಗಳಲ್ಲಿ ಎತ್ತರದ ಬಾವಿಗಳು ತಳ ಕಾಣುತ್ತವೆ. ಆ ವರ್ಷ ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದು ನಗರಕ್ಕೇ ಸರದಿಯ ಮೇಲೆ ನೀರು ಬಿಡುತ್ತಿದ್ದರು. ನಮಗೆ ನಳ್ಳಿಯೂ ಇರಲಿಲ್ಲ. ಇದ್ದ ಬಾವಿ ರಮಝಾನ್ ಆರಂಭವಾಗುವ ಹೊತ್ತಿಗೆ ಬತ್ತಿತು. ಅದೇ ವಾರ ಉಮ್ಮ ಸೊಂಟದ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದಿದ್ದರು. ಆಸ್ಪತ್ರೆಯ ಬಿಲ್ಲು ಕಟ್ಟಿ ಕೈ ಬರಿದಾಗಿದ್ದ ನಮಗೆ ಟ್ಯಾಂಕರಿನ ದರ ಕೇಳಿಯೇ ಗಂಟಲು ಒಣಗಿತು.

ಕೆಳಗಿನ ಮನೆಯ ಅಕ್ಕನಿಗೂ ನಮಗೂ ಅದುವರೆಗೆ ಇದ್ದದ್ದು ಬರೀ ನಗುವಿನ ಪರಿಚಯ. ಗಂಡ ತೀರಿಕೊಂಡ ಮೇಲೆ ಮಗನೊಂದಿಗೆ ಇದ್ದ ಅವರು ಹಿತ್ತಿಲಲ್ಲಿ ಮಲ್ಲಿಗೆ ಬೆಳೆದು ಮಾರುತ್ತಿದ್ದರು. ಒಂದು ಬೆಳಿಗ್ಗೆ ಅವರೇ ಗೋಡೆಯ ಬಳಿ ಬಂದು ತುಳುವಿನಲ್ಲಿ ಕೇಳಿದರು: “ಎರಡು ದಿನದಿಂದ ನಿಮ್ಮ ರಾಟೆಯ ಸದ್ದೇ ಇಲ್ಲವಲ್ಲ, ಬಾವಿ ಬತ್ತಿತಾ?” ನಾವು ಉತ್ತರ ಹುಡುಕುವಷ್ಟರಲ್ಲಿ ಅವರ ಮಗ ಗೋಡೆಯ ಮೇಲಿಂದ ಪೈಪು ದಾಟಿಸಿಯಾಗಿತ್ತು. ರಾತ್ರಿ ಬಾವಿಯಲ್ಲಿ ಒರತೆ ಕೂಡಿರುತ್ತದೆ, ನೀವೂ ಸಹ್ರಿಗೆ ಏಳುತ್ತೀರಿ ಎಂದು ಬೆಳಗಿನ ನಾಲ್ಕು ಗಂಟೆಗೆ ಪಂಪು ಹಾಕತೊಡಗಿದರು. ನೋನ್ಪು ಹಿಡಿದ ನಮ್ಮೊಂದಿಗೆ ತಿಂಗಳಿಡೀ ಅವರೂ ನಿದ್ದೆಗೆಟ್ಟರು.

ಹತ್ತು ದಿನ ಕಳೆದಾಗ ಅವರ ಮಲ್ಲಿಗೆ ಗಿಡಗಳ ಎಲೆ ಬಾಡಿದ್ದು ಕಣ್ಣಿಗೆ ಬಿತ್ತು. ಎರಡು ಮನೆಗೆ ಕುಡಿಯಲು, ಅಡುಗೆಗೆ ಸಾಲಲಿ ಎಂದು ಗಿಡಗಳಿಗೆ ನೀರು ಬಿಡುವುದನ್ನೇ ನಿಲ್ಲಿಸಿದ್ದರು. ನಮಗೆ ಸಿಕ್ಕ ಕೊಡ ನೀರಿಗೆ ಬೆಲೆ ತೆತ್ತದ್ದು ಅವರ ದುಡಿಮೆ. ಇನ್ನು ಬೇಡ ಎನ್ನುವಂತಿಲ್ಲ, ಬೇಕು ಎನ್ನಲು ಮನಸ್ಸಿಲ್ಲ. ಹಾಸಿಗೆಯಲ್ಲೇ ಇದ್ದ ಉಮ್ಮ ದಾರಿ ತೋರಿಸಿದರು: “ವುಝೂ ಮಾಡಿದ ನೀರು ಚರಂಡಿಗೆ ಯಾಕೆ ಹೋಗಬೇಕು? ಬೋಗುಣಿಯಲ್ಲಿ ಹಿಡಿಯಿರಿ.”

ಮನೆಯಲ್ಲಿ ನಾವು ನಾಲ್ವರು, ದಿನಕ್ಕೆ ಐದು ಹೊತ್ತು. ಒಬ್ಬರಿಗೆ ಹೊತ್ತಿಗೆ ಒಂದು ಲೀಟರ್ ಎಂದರೂ 20 ಲೀಟರ್. ಅಕ್ಕಿ, ತರಕಾರಿ ತೊಳೆದ ನೀರೂ ಸೇರಿ ಸಂಜೆಗೆ ಎರಡು ಬಕೆಟ್ ತುಂಬುತ್ತಿತ್ತು. ಕೈಕಾಲು ತೊಳೆದ ನೀರು, ಅಕ್ಕ ಏನೆಂದುಕೊಳ್ಳುತ್ತಾರೋ ಎಂದು ಹಿಂಜರಿಯುತ್ತಲೇ ಹೇಳಿದೆವು. ಅವರು ನಕ್ಕುಬಿಟ್ಟರು. “ಗಿಡಕ್ಕೆ ಅದೆಲ್ಲ ಗೊತ್ತಾಗುತ್ತದಾ? ತನ್ನಿ” ಎಂದರು. ಅಂದಿನಿಂದ ಬೆಳಿಗ್ಗೆ ಅತ್ತಣಿಂದ ಪೈಪು, ಸಂಜೆ ಇತ್ತಣಿಂದ ಬಕೆಟ್. ಬಕೆಟ್ ಹಿಡಿದು ಹೋದವರು ಮಾತಿಗೆ ನಿಲ್ಲುತ್ತಿದ್ದೆವು. ಗಂಡನ ಕಾಯಿಲೆ, ಮಗನ ಕೆಲಸ, ಉಮ್ಮನ ನೋವು, ಎಲ್ಲವೂ ಆ ಗಿಡಗಳ ನಡುವೆ ಮಾತಾದವು. ಬರೀ ಪಡೆಯುತ್ತಿದ್ದಾಗ ನಾವು ಋಣಿಗಳಾಗಿದ್ದೆವು. ಕೊಡಲು ನಮಗೂ ಏನೋ ಸಿಕ್ಕಿದ ದಿನದಿಂದ ಗೆಳೆಯರಾದೆವು.

ಆ ವರ್ಷ ಮುಂಗಾರು ಕೇರಳ ತಲುಪಿದ್ದೇ ಜೂನ್ 8ಕ್ಕೆ. ಮಳೆ ಹಿಡಿದ ಮೇಲೆ ಎರಡೂ ಮನೆಯವರು ಸೇರಿ ಒಂದು ಲೆಕ್ಕ ಹಾಕಿದೆವು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ 100 ಚದರ ಮೀಟರ್ ತಾರಸಿಯ ಮೇಲೆ ಒಂದು ವರ್ಷದಲ್ಲಿ ಮೂರು ಲಕ್ಷ ಲೀಟರಿಗೂ ಮಿಕ್ಕಿ ಸುರಿಯುತ್ತದೆ! ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನಲ್ಲಿ ಅದನ್ನು ಸೋಸಿ ಅಕ್ಕನ ಬಾವಿಗೆ ಬಿಟ್ಟೆವು. ನಮ್ಮ ಬಾವಿಗೆ ಬಿಟ್ಟರೂ ಅದು ಇಳಿದು ಅಲ್ಲಿಗೇ ಹೋಗುವುದಲ್ಲವೇ?

ಅದೇ ವರ್ಷ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಕರ್ಫ್ಯೂ ಬಂತು. ಪೇಟೆಗೆ ಕೆಲಸಕ್ಕೆ ಹೋಗಿದ್ದ ಅಕ್ಕನ ಮಗ ಕತ್ತಲಾದರೂ ಮನೆ ಸೇರಿರಲಿಲ್ಲ. ಹಿಂದೂಗಳು ಮುಸ್ಲಿಮರ ಬೀದಿಗೆ, ಮುಸ್ಲಿಮರು ಹಿಂದೂಗಳ ಬೀದಿಗೆ ಹೋಗಲು ಹಿಂದೆಮುಂದೆ ನೋಡುವ ಅಂಥ ರಾತ್ರಿಯಲ್ಲಿ ಅವರು ಬಂದು ತಟ್ಟಿದ್ದು ನಮ್ಮ ಬಾಗಿಲನ್ನು. ಮಗ ನಡೆದು ಮನೆ ಮುಟ್ಟುವವರೆಗೂ ಉಮ್ಮನ ಮಂಚದ ಬದಿಯಲ್ಲಿ ಕುಳಿತಿದ್ದರು.

ಸಾಮರಸ್ಯದ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಭಾಷಣಗಳಿಗೆ ಬರವಿಲ್ಲ. ಆದರೆ ಕಷ್ಟದ ಹೊತ್ತಿನಲ್ಲಿ ಎರಡನೇ ಯೋಚನೆಯಿಲ್ಲದೆ ತಟ್ಟಬಹುದಾದ ಒಂದು ಬಾಗಿಲು ಪ್ರತಿ ಮನೆಯ ಪಕ್ಕದಲ್ಲೂ ಇದೆಯೇ? ನೆರೆಯವರಿಗೆ ನೆರವಾಗುವುದು ದೊಡ್ಡ ಗುಣವೇ. ಅವರು ಕೊಟ್ಟದ್ದನ್ನು ಸಂಕೋಚವಿಲ್ಲದೆ ಪಡೆದು, ನಮ್ಮಲ್ಲಿರುವ ಬಕೆಟ್ ನೀರನ್ನು ಅವರೂ ಪಡೆಯುವಂತೆ ಮಾಡುವುದು ಅದರ ಇನ್ನರ್ಧ. ಗೋಡೆ ಇರಲಿ, ಅದರ ಮೇಲೊಂದು ಪೈಪು ದಾಟಲು ಜಾಗವಿರಲಿ.