ಬರೆಯುವ ಕಿಣ್ವ, ಅಳಿಸುವ ಕಿಣ್ವ

ಜೀವಕೋಶದ ಪೊರೆಯು ಎರಡು ಪದರದ ಕೊಬ್ಬಿನ ಗೋಡೆ ಎಂದು ನನ್ನ ತರಗತಿಯಲ್ಲಿ ಓದಿದವರಿಗೆ ನೆನಪಿರಬಹುದು. ಆ ಪಾಠದಲ್ಲಿ ಹೇಳಲು ಅವಕಾಶವಿರದಿದ್ದ ಸಂಗತಿಯೊಂದಿದೆ: ಆ ಗೋಡೆಯೇ ಒಂದು ಕರಿಹಲಗೆ.

ಜೀವಕೋಶಗಳಿಗೆ ‘ಬೆಳೆ, ಎರಡಾಗು’ ಎಂಬ ಸುದ್ದಿಯನ್ನು ತರುವ ಪ್ರೋಟೀನುಗಳಿಗೆ ಬೆಳವಣಿಗೆಯ ಅಂಶಗಳೆಂದು ಹೆಸರು. ಇವುಗಳ ಶೋಧಕ್ಕಾಗಿ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಅಂಶವು ಪೊರೆಯಲ್ಲಿರುವ ಗ್ರಾಹಕವನ್ನು ಹೊರಗಿನಿಂದ ಮುಟ್ಟಿದೊಡನೆ, ಒಳಬದಿಯಲ್ಲಿ ಪಿಐ-3 ಕೈನೇಸ್ ಎಂಬ ಕಿಣ್ವವು ಬಂದು ಸೇರುತ್ತದೆ. ಪೊರೆಯಲ್ಲಿ ಪಿಐಪಿ-2 ಎಂಬ ಕೊಬ್ಬಿನ ಅಣುವಿದೆ; ಅದರ ತಲೆಯಲ್ಲಿ ಆರು ಇಂಗಾಲಗಳ ಉಂಗುರ. ಕಿಣ್ವವು ಆ ಉಂಗುರದ ಮೂರನೆಯ ಸ್ಥಾನಕ್ಕೆ ಒಂದು ಫಾಸ್ಫೇಟನ್ನು ಅಂಟಿಸಿ ಪಿಐಪಿ-3 ಮಾಡುತ್ತದೆ. ಮೂರನೆಯ ಸ್ಥಾನವೇ ಇದರ ಗುರಿ ಎಂಬುದನ್ನು ಲೂಯಿಸ್ ಕ್ಯಾಂಟ್ಲಿ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಈ ಬರಹವನ್ನು ಗುರುತಿಸಿ ಎಕೆಟಿ ಎಂಬ ಪ್ರೋಟೀನು ಪೊರೆಗೆ ಬಂದು ಚುರುಕಾಗುತ್ತದೆ. ಕೋಶವು ಬೆಳೆಯುತ್ತದೆ, ಸಾಯಲೊಲ್ಲದು.

ಬರೆದುದನ್ನು ಅಳಿಸುವವರೂ ಬೇಕಲ್ಲವೆ? ಆ ಡಸ್ಟರಿನ ಹೆಸರು ಪಿಟೆನ್. ಅನೇಕ ಗಂತಿಗಳಲ್ಲಿ ಕಳೆದುಹೋಗಿರುವ ಜೀನ್ ಎಂದು 1997ರಲ್ಲಿ ಇದರ ಪತ್ತೆಯಾಯಿತು. ಪಿಐಪಿ-3ರ ಆ ಫಾಸ್ಫೇಟನ್ನು ತೆಗೆಯುವುದೇ ಇದರ ಕೆಲಸವೆಂದು 1998ರಲ್ಲಿ ತಿಳಿಯಿತು. ಡಸ್ಟರು ಕಳೆದುಹೋದರೂ, ಬರೆಯುವ ಕೈ ನಿಲ್ಲದೆ ಬರೆದರೂ ಫಲ ಒಂದೇ: ಕರೆಯಿಲ್ಲದಿದ್ದರೂ ಕೋಶ ಬೆಳೆಯುತ್ತಲೇ ಇರುತ್ತದೆ.

ಬಂಧುಗಳು ಇದನ್ನು ಓದಬೇಕೆಂಬುದಕ್ಕೆ ಕಾರಣವಿದೆ. ನಮ್ಮ ಮನೆತನದ ಹೆಣ್ಣುಮಗಳೊಬ್ಬಳು ಸ್ತನ ಕ್ಯಾನ್ಸರಿಗೆ ಆಲ್ಪೆಲಿಸಿಬ್ ಎಂಬ ಮಾತ್ರೆ ನುಂಗುತ್ತಿದ್ದಾಳೆ. 2019ರಲ್ಲಿ ಅಮೆರಿಕದಲ್ಲಿ ಮಂಜೂರಾದ ಈ ಔಷಧ, ಜೀನಿನ ಬದಲಾವಣೆಯಿಂದ ಹದ ತಪ್ಪಿ ಬರೆಯುವ ಆ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಇನ್ಸುಲಿನ್ ಕೂಡ ಯಕೃತ್ತಿಗೂ ಸ್ನಾಯುವಿಗೂ ತನ್ನ ಮಾತನ್ನು ಬರೆಸುವುದು ಇದೇ ಕೈಯಿಂದ. ಗಂತಿಯಲ್ಲಿ ಕೈಯನ್ನು ಹಿಡಿದರೆ ಅಲ್ಲಿಯೂ ಅದು ತಡವರಿಸುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಈ ಔಷಧ ಸೇವಿಸುವವರಲ್ಲಿ ಇದು ಅಪರೂಪವಲ್ಲ. ಆದ್ದರಿಂದಲೇ ವೈದ್ಯರು ಮೊದಲೇ ರಕ್ತಪರೀಕ್ಷೆ ಮಾಡಿಸಿ, ಬಳಿಕವೂ ಆಗಾಗ ನೋಡುತ್ತಿರುತ್ತಾರೆ.

ಅವಳನ್ನು ಕಾಣಹೋದವರಲ್ಲಿ ಕೆಲವರು ‘ಸಿಹಿ ತಿಂದೆಯಾ, ನಾಲಿಗೆಯ ಮೇಲೆ ಹಿಡಿತವಿಲ್ಲವೇ?’ ಎಂದು ಕೇಳಿದರಂತೆ. ಪಥ್ಯವನ್ನು ವೈದ್ಯರು ಹೇಳಿದ್ದಾರೆ, ಅವಳು ಪಾಲಿಸುತ್ತಿದ್ದಾಳೆ. ಸಕ್ಕರೆ ಏರಿದ್ದು ಅವಳ ನಾಲಿಗೆಯ ಚಪಲದಿಂದಲ್ಲ, ಔಷಧವು ತನ್ನ ಕೆಲಸ ಮಾಡುತ್ತಿರುವುದರಿಂದ. ಮುಂದಿನ ಸಲ ಹೋದಾಗ ಬೇರೇನಾದರೂ ಮಾತನಾಡಿ. ಅವಳಿಗೆ ಹಾಡು ಇಷ್ಟ.