ನೀರು ನಿಲ್ಲಿಸಬೇಡಿ

ಮುಂಗಾರು ಹಿಡಿದೊಡನೆ ನಮ್ಮ ತಾಳವಾಡಿ ಸೀಮೆಯ ಮನೆಗಳಲ್ಲಿ ಮೂರು ದೂರು ತಪ್ಪುವುದಿಲ್ಲ: ಜ್ವರ, ಕೆಮ್ಮು, ಭೇದಿ. ಜ್ವರಕ್ಕೆ ಆಸ್ಪತ್ರೆಗೆ ಓಡುತ್ತೇವೆ. ಕೆಮ್ಮಿಗೆ ಕಷಾಯವಿದೆ. (ಎರಡು ವಾರ ದಾಟಿದರೆ ಕಷಾಯ ಬಿಟ್ಟು ಕಫ ಪರೀಕ್ಷೆ ಮಾಡಿಸಿ, ಕ್ಷಯ ಇನ್ನೂ ನಮ್ಮನ್ನು ಬಿಟ್ಟು ಹೋಗಿಲ್ಲ.) ಮಗುವಿನ ಭೇದಿಯನ್ನು ಮಾತ್ರ "ಹಲ್ಲು ಬರುವ ಹೊತ್ತು", "ದೃಷ್ಟಿಯಾಗಿದೆ" ಎಂದು ತಳ್ಳಿಹಾಕುತ್ತೇವೆ.

ಗುರುವಾಗಿ ನಾನು ಮಣ್ಣು ಮಾಡಿದ ಚಿಕ್ಕ ಪೆಟ್ಟಿಗೆಗಳಲ್ಲಿ ಎರಡು ಈ ಭೇದಿಯವು. ಒಂದು ಹನ್ನೊಂದು ತಿಂಗಳ ಕೂಸು. ಅದಕ್ಕೆ ಜ್ಞಾನಸ್ನಾನ ಕೊಟ್ಟವನೂ ನಾನೇ. ಸಮಾಧಿಯಿಂದ ಹಿಂತಿರುಗುವಾಗ ಅಜ್ಜಿ ಹೇಳಿದರು: "ಸ್ವಾಮಿ, ಒಂದ್ ತೊಟ್ಟು ನೀರೂ ಕೊಡ್ದಂಗೆ ನೋಡ್ಕಂಡೊ. ಆದ್ರೂ ನಿಲ್ನಿಲ್ಲ."

ಪ್ರೀತಿಯಿಂದಲೇ ಮಾಡಿದ್ದು. ನೀರು ಕೊಟ್ಟಷ್ಟೂ ಹೋಗುತ್ತದೆ ಎಂಬುದು ನಮ್ಮ ಹಿರಿಯರ ಲೆಕ್ಕ. ಇನ್ನೊಂದು ಮನೆಯಲ್ಲಿ ನಾನು, "ತೂತು ಬಿಂದಿಗೆಯಲ್ಲಿ ನೀರು ಉಳಿಯಬೇಕಾದರೆ ಹುಯ್ಯುತ್ತಲೇ ಇರಬೇಕಲ್ಲವೇ ಅಮ್ಮ?" ಎಂದೆ. "ತೂತು ಮುಚ್ಬೇಕು ಸ್ವಾಮಿ" ಎಂದರು ಅಲ್ಲಿಯ ಅಜ್ಜಿ. ಸೆಮಿನರಿಯಲ್ಲಿ ಕಲಿತ ತರ್ಕಶಾಸ್ತ್ರ ಅಲ್ಲಿಗೆ ಮುಗಿಯಿತು! ಆದರೆ ಈ ತೂತು ಸಾಮಾನ್ಯವಾಗಿ ಒಂದು ವಾರದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಬಿಂದಿಗೆ ಒಣಗದಂತೆ ನೋಡುವುದೇ ಚಿಕಿತ್ಸೆ. ಮಗುವನ್ನು ಕೊಲ್ಲುವುದು ಹೆಚ್ಚಾಗಿ ಭೇದಿಯಲ್ಲ, ನೀರು ಮತ್ತು ಉಪ್ಪಿನ ನಷ್ಟ.

ಬರೀ ನೀರು ಸಾಲದು. ಕರುಳಿನಲ್ಲಿ ಗ್ಲೂಕೋಸ್ ಮತ್ತು ಉಪ್ಪು ಜೊತೆಯಾಗಿ ಒಳಹೋಗುವ ಒಂದು ಬಾಗಿಲಿದೆ. ಅವುಗಳ ಹಿಂದೆ ನೀರೂ ಹೋಗುತ್ತದೆ. ಕಾಲರಾದಲ್ಲೂ ಆ ಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು, ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ಕರಗಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು; ಪದ್ಮವಿಭೂಷಣ ಬಂದದ್ದು ಮರು ವರ್ಷ.

ಅದೇ ಪುಡಿ ಈಗ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಪೊಟ್ಟಣದ ಮೇಲಿನ ಬರಹ ತಮಿಳು, ಇಂಗ್ಲಿಷು. ಮಗು ನೋಡಿಕೊಳ್ಳುವ ನಮ್ಮ ಅಜ್ಜಿಯರು ಓದಿದರೆ ಕನ್ನಡವಷ್ಟೇ. ಹಾಗಾಗಿ ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದವರಿದ್ದಾರೆ. ಅದು ಅಪಾಯ, ಉಪ್ಪು ಹೆಚ್ಚಾಗುತ್ತದೆ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ. 24 ಗಂಟೆ ಕಳೆದರೆ ಚೆಲ್ಲಿ. ಪೊಟ್ಟಣ ಇಲ್ಲದ ರಾತ್ರಿ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ ಕಾಲಿನಿಂದ ಅರ್ಧ ಲೋಟ, ಚಮಚದಲ್ಲಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ. ಎದೆಹಾಲು ನಿಲ್ಲಿಸಬೇಡಿ, ಗಂಜಿಯನ್ನೂ. ನರ್ಸಮ್ಮ ಕೊಡುವ ಸತುವಿನ ಮಾತ್ರೆ 14 ದಿನ ಮುಗಿಸಿ. ಭೇದಿ ನಿಂತಿತೆಂದು ಮೂರನೇ ದಿನಕ್ಕೇ ಬಿಡುವವರೇ ಹೆಚ್ಚು. ಅಂಗಡಿಯ ಬಣ್ಣದ ಪಾನೀಯ ಇದಕ್ಕೆ ಬದಲಲ್ಲ. ಸರಿಯಾದ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ 'ಓಆರ್‌ಎಸ್' ಎಂದು ಬರೆಯಕೂಡದೆಂದು 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶಿಸಿತು.

ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲಾರದಾದರೆ ಕೂಡಲೇ ಆಸ್ಪತ್ರೆ. ಪ್ರಾರ್ಥನೆ ದಾರಿಯಲ್ಲಿ ಮಾಡೋಣ. ಬಾಯಾರಿದವರಿಗೆ ಕುಡಿಯಲು ಕೊಡುವುದನ್ನು ದಯಾಕಾರ್ಯವೆಂದು ಧರ್ಮೋಪದೇಶದಲ್ಲಿ ಬಾಯಿಪಾಠ ಮಾಡಿದವರು ನಾವು. ಆ ಬಾಯಾರಿದವರು ನಮ್ಮದೇ ತೊಟ್ಟಿಲಲ್ಲಿ ಇರಬಹುದು.

ಗುರುಮನೆಯಲ್ಲಿ ಪೊಟ್ಟಣಗಳಿವೆ, ಕನ್ನಡದ ಚೀಟಿ ಅಂಟಿಸಿದ್ದೇವೆ. ಮನೆಯ ಒಂದು ಪಾತ್ರೆ ತನ್ನಿ, ಒಂದು ಲೀಟರಿಗೆ ಮೊಳೆಯಿಂದ ಗೆರೆ ಎಳೆದು ಕೊಡುತ್ತೇವೆ. ರಾತ್ರಿಯಾದರೂ ಬಾಗಿಲು ತಟ್ಟಿ.